ಒಂದೇ ಥರದ ಎಂಆರ್‌ಐ, ಎರಡು ಉತ್ತರ: ಮಂಡಿ ಲಿಗಮೆಂಟ್ ಆಪರೇಷನ್ ಬಗ್ಗೆ ನನ್ನ ಅಭಿಪ್ರಾಯ

ಈ ಸಲ ಕೊಳೆರೋಗ, ಎಲೆಚುಕ್ಕಿ ಯಾವುದೂ ಅಲ್ಲ, ಮಂಡಿ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಎರಡು ಮಳೆಗಾಲದಲ್ಲಿ ನನಗೆ ಗೊತ್ತಿದ್ದೋರಲ್ಲೇ ಐದು ಜನ ಮಂಡಿ ಲಿಗಮೆಂಟ್ ಹರ್ಕೊಂಡಿದಾರೆ. ಒಬ್ಬರಿಗೆ ಗದ್ದೆ ಕೆಸರಲ್ಲಿ ಟಿಲ್ಲರ್ ತಿರುಗಿಸುವಾಗ, ಇಬ್ಬರಿಗೆ ಬೈಕಿಂದ ಬಿದ್ದು. ನಾಲ್ಕನೆಯವನು ನಾನು. ಬಸಿಗಾಲುವೆ ದಾಟುವಾಗ ಪಾದ ಕಲ್ಲಿನ ಸಂದಿಯಲ್ಲಿ ನಿಂತಿತು, ಮೈ ಮಾತ್ರ ತಿರುಗಿತು. ಐದನೆಯವನು ನಮ್ಮ ತೋಟಕ್ಕೆ ಬರೋ ಕೊನೆಗೌಡ, 29 ವರ್ಷದ ಹುಡುಗ. ಮರ ಇಳಿದು ಕೊನೇ ಎರಡಡಿ ಹಾರಿದಾಗ ಒದ್ದೆ ಹಾಳೆ ಮೇಲೆ ಕಾಲು ತಿರುಚಿತು. ಅವನನ್ನ ಕೇಳಿಯೇ ಬರೀತಾ ಇದೀನಿ. ಹೆಸರು ಹಾಕ್ಬೇಡಿ ಅಂದ, ಹಾಕಲ್ಲ.

ನಮ್ಮಿಬ್ಬರ ಎಂಆರ್‌ಐ ಕಾಗದದಲ್ಲೂ ಮುಖ್ಯ ಸಾಲು ಒಂದೇ: ಎಸಿಎಲ್ ಪೂರ್ತಿ ಹರಿದಿದೆ. ಆದ್ರೆ ನಾನು ಸದ್ಯಕ್ಕೆ ಆಪರೇಷನ್ ಬೇಡ ಅಂತ ತೀರ್ಮಾನ ಮಾಡಿದೀನಿ, ಅವನು ಮಾಡಿಸೋದು ಸರಿ ಅಂತ ನನ್ನ ಅಭಿಪ್ರಾಯ. ಇದೇನು ಮಾರಾಯ್ರೆ, ನಿಮಗೊಂದು ನ್ಯಾಯ ಅವನಿಗೊಂದು ನ್ಯಾಯವಾ ಅಂತ ಪಕ್ಕದ ತೋಟದವರು ಕೇಳಿದ್ರು. ಅವರಿಗೆ ಬೇಲಿ ಹತ್ತಿರ ನಿಂತು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತೀನಿ. ನಾನು ಡಾಕ್ಟರಲ್ಲ. ಆರು ತಿಂಗಳಲ್ಲಿ ಇಬ್ಬರು ಮೂಳೆ ಡಾಕ್ಟರು, ಒಬ್ಬರು ಫಿಸಿಯೋಥೆರಪಿಯವರ ಹತ್ತಿರ ಕೂತು ಕೇಳಿದ್ದು, ಆಮೇಲೆ ಓದಿದ್ದು, ಸ್ವಂತ ಮಂಡಿಯಲ್ಲಿ ನೋಡಿದ್ದು, ಇಷ್ಟೇ ನನ್ನ ಬಂಡವಾಳ.

ನಮ್ಮೂರಲ್ಲಿ ಮಂಡಿ ವಿಷಯಕ್ಕೆ ಎರಡು ಪಕ್ಷ ಇವೆ. ಒಂದು ಪಕ್ಷ, "ಕೊಯ್ಸ್ಕೋಬೇಡಿ, ಎಣ್ಣೆ ಹಚ್ಚಿ ಕಟ್ಟು ಹಾಕ್ಸಿ, ಸರಿಯಾಗುತ್ತೆ" ಅನ್ನುತ್ತೆ. ಇನ್ನೊಂದು, "ಈಗಲೇ ಮಾಡಿಸಿ, ಇಲ್ಲಾಂದ್ರೆ ಕಾಲು ಹೋದಂಗೇ" ಅನ್ನುತ್ತೆ. ಎರಡೂ ಪಕ್ಷದವರು ನಿಮ್ಮ ಕೆಲಸ ಏನು ಅಂತ ಕೇಳೋದೇ ಇಲ್ಲ. ನನ್ನ ಪ್ರಕಾರ ತೀರ್ಮಾನ ಮಾಡಬೇಕಾದ್ದು ಮೂರು ಪ್ರಶ್ನೆ. ನಿಮ್ಮ ಮಂಡಿ ದಿನಾ ಏನು ಕೆಲಸ ಮಾಡಬೇಕು? ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ಆ ಕೆಲಸದಲ್ಲಿ ಅದು ಕೈಕೊಡುತ್ತಾ? ಆಪರೇಷನ್ ಆದ್ರೆ ಮುಂದಿನ ಒಂಬತ್ತು ತಿಂಗಳು ನಿಮ್ಮ ಕೆಲಸ ಮಾಡೋರು ಯಾರು, ಮನೆ ನಡೆಯೋದು ಹೇಗೆ? ಮೂರನೇದನ್ನ ಆಸ್ಪತ್ರೆಯಲ್ಲಿ ಯಾರೂ ಕೇಳಲ್ಲ. ನಮಗೆ ಅದೇ ದೊಡ್ಡದು.

ಮೊದಲು ಮಂಡಿ ಒಳಗೆ ಏನಿದೆ ನೋಡೋಣ. ತೊಡೆ ಮೂಳೆಯನ್ನ ಕೆಳಗಿನ ಮೂಳೆಗೆ ಹಿಡಿದು ನಿಲ್ಲಿಸೋದು ಮುಖ್ಯವಾಗಿ ನಾಲ್ಕು ಕಟ್ಟುಗಳು. ಒಳಪಕ್ಕ ಒಂದು, ಹೊರಪಕ್ಕ ಒಂದು, ನಡುವೆ ಒಂದಕ್ಕೊಂದು ಅಡ್ಡ ಹಾಯ್ದ ಎರಡು. ಈ ಅಡ್ಡ ಹಾಯ್ದದ್ದರಲ್ಲಿ ಮುಂದಿನದ್ದೇ ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಮಂಡಿ ಅಳತೆ ಮೀರಿ ತಿರುಚದ ಹಾಗೆ ತಡೆಯೋದು ಇದರ ಕೆಲಸ. ಎರಡು ಮೂಳೆ ನಡುವೆ ಮೆತ್ತೆಯ ಥರ ಕೂತಿರೋದು ಮೆನಿಸ್ಕಸ್. ಒಳಪಕ್ಕದ ಕಟ್ಟು ಮಾತ್ರ ಹರಿದಿದ್ರೆ ಸಾಮಾನ್ಯವಾಗಿ ಬ್ರೇಸ್ ಹಾಕಿ ವ್ಯಾಯಾಮ ಮಾಡಿದ್ರೆ ಕೂಡುತ್ತೆ, ಕತ್ತರಿ ಬೇಕಾಗೋದು ಕಮ್ಮಿ. ಎಸಿಎಲ್ ಆ ಥರ ತಾನಾಗಿ ಗಟ್ಟಿ ಕೂಡುತ್ತೆ ಅಂತ ನಂಬಿ ಕೂರೋಕಾಗಲ್ಲ.

ಎಸಿಎಲ್ ಹರಿಯೋದಕ್ಕೆ ಯಾರೂ ಬಂದು ಗುದ್ದಬೇಕು ಅಂತಿಲ್ಲ. ಪಾದ ಒಂದು ಕಡೆ ಸಿಕ್ಕಿ ನಿಂತು ಮೈ ಇನ್ನೊಂದು ಕಡೆ ತಿರುಗಿದ್ರೆ ಸಾಕು. ನಮ್ಮ ಕೆಲಸದಲ್ಲಿ ಇದು ದಿನಾ ಆಗೋದೇ. ಕೆಸರಲ್ಲಿ ಕಾಲು ಹೂತು ಟಿಲ್ಲರ್ ತಿರುಗಿಸೋದು, ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ದರೆ ಇಳಿಯೋದು, ಕಾಲುಸಂಕದಿಂದ ಹಾರೋದು. ಹರಿದಾಗ ಬಹಳ ಜನಕ್ಕೆ ಒಳಗೆ 'ಟಪ್' ಅಂದ ಹಾಗಾಗುತ್ತೆ, ಒಂದೆರಡು ತಾಸಲ್ಲೇ ಮಂಡಿ ಊದುತ್ತೆ. ಅಷ್ಟು ಬೇಗ ಊದಿದ್ರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ, ಅದನ್ನ ಬರೀ ಉಳುಕು ಅಂತ ಬಿಡಬಾರದು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಲಿಗಮೆಂಟ್ ಕಾಣಲ್ಲ. 'ಎಕ್ಸ್‌ರೇ ನಾರ್ಮಲ್, ಏನಾಗಿಲ್ಲ' ಅಂತ ಮನೆಗೆ ಬಂದು ಮತ್ತೆ ಗದ್ದೆಗಿಳಿದವರು ಇದಾರೆ. ತಿಳಿದ ಡಾಕ್ಟರು ಕೈಯಲ್ಲೇ ಮಂಡಿ ಎಳೆದು ನೋಡಿ ಅಂದಾಜು ಹೇಳ್ತಾರೆ, ಎಂಆರ್‌ಐ ಅದನ್ನ ಖಾತ್ರಿ ಮಾಡುತ್ತೆ, ಜೊತೆಗೆ ಬೇರೆ ಏನು ಹರಿದಿದೆ ಅಂತ ತೋರಿಸುತ್ತೆ.

ಇನ್ನು, ಕಾಯಲೇಬಾರದ ಸಂದರ್ಭಗಳನ್ನ ಮೊದಲೇ ಹೇಳಿಬಿಡ್ತೀನಿ. ನಾನು ಮುಂದೆ ಬರೆಯೋ 'ಕಾದು ನೋಡಿ' ಅನ್ನೋ ಮಾತು ಇವಕ್ಕೆ ಅನ್ವಯ ಆಗಲ್ಲ.

ಒಂದು, ಟ್ರ್ಯಾಕ್ಟರ್ ಅಡಿಗೆ ಸಿಕ್ಕಿ, ಬೈಕಿಂದ ಬಿದ್ದು ಅಥವಾ ಮರದಿಂದ ಬಿದ್ದು ಮಂಡಿ ಕೀಲೇ ತಪ್ಪಿದ್ರೆ, ಆಮೇಲೆ ತಾನಾಗಿ ಕೂತಿದ್ರೂ ಸರಿ, ಅದು ತುರ್ತು. ಮಂಡಿ ಹಿಂದೆ ಕಾಲಿಗೆ ರಕ್ತ ಕೊಡೋ ದೊಡ್ಡ ನಾಳ ಇದೆ, ಅದು ಹರಿದಿರಬಹುದು. ಪಾದ ತಣ್ಣಗಾಗಿದ್ರೆ, ಬಿಳಿಚಿದ್ರೆ, ಹೆಬ್ಬೆರಳು ಮೇಲೆತ್ತೋಕೆ ಆಗದೇ ಇದ್ರೆ ಒಂದು ನಿಮಿಷವೂ ಮನೆಯಲ್ಲಿಡಬೇಡಿ. ರಕ್ತ ನಿಂತ ಕಾಲನ್ನ ಉಳಿಸೋಕೆ ಇರೋದು ಕೆಲವೇ ಗಂಟೆ. ಸಾಗರದಿಂದ ಶಿವಮೊಗ್ಗಕ್ಕೇ 70 ಕಿಲೋಮೀಟರ್ ಇದೆ, ನಮ್ಮ ಹಳ್ಳಿಗಳಿಂದ ಸಾಗರಕ್ಕೆ ಬರೋ ಹೊತ್ತು ಬೇರೆ. ಮೊದಲು 108ಕ್ಕೆ ಫೋನ್ ಮಾಡಿ, ಆಮೇಲೆ ನೆಂಟರಿಗೆ.

ಎರಡು, ಮಂಡಿ ಒಂದೇ ಕೋನದಲ್ಲಿ ಸಿಕ್ಕಿಬಿದ್ದು ಪೂರ್ತಿ ನೀಟಾಗದೇ ಇದ್ರೆ. ಹರಿದ ಮೆನಿಸ್ಕಸ್ ಚೂರು ಮಡಚಿ ನಡುವೆ ಸಿಕ್ಕಿರಬಹುದು. ಬೇಗ ನೋಡಿದ್ರೆ ಹೊಲಿದು ಉಳಿಸೋ ಸಾಧ್ಯತೆ ಇರುತ್ತೆ, ತಡ ಆದಷ್ಟು ಕತ್ತರಿಸಿ ತೆಗೆಯೋದೇ ಗತಿಯಾಗಬಹುದು.

ಮೂರು, ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹರಿದಿದ್ರೆ. ಅದು ಬೇರೆಯೇ ಲೆಕ್ಕ, ಅಂಥ ಆಪರೇಷನ್ ಮಾಡಿ ಅಭ್ಯಾಸ ಇರೋ ಡಾಕ್ಟರಿಗೆ ಬೇಗ ತೋರಿಸಬೇಕು.

ಹೊಸದಾಗಿ ಊದಿದ ಮಂಡಿಗೆ ಗಟ್ಟಿಯಾಗಿ ತಿಕ್ಕಿಸೋದು, ಎಳೆಸೋದು ಬೇಡ. ನಾಟಿ ಕಟ್ಟಿನ ಮೇಲೆ ನನಗೆ ದ್ವೇಷ ಇಲ್ಲ. ಆದ್ರೆ ಹರಿದ ಎಸಿಎಲ್ಲನ್ನ ಹೊರಗಿನ ಕಟ್ಟು ಕೂಡಿಸಲ್ಲ. ಒಂದೂವರೆ ತಿಂಗಳು ಬಿಗಿದು ಮಲಗಿದ್ರೆ ತೊಡೆ ಸ್ನಾಯು ಕರಗುತ್ತೆ, ಮಂಡಿ ಬಿಗಿಯಾಗುತ್ತೆ, ಆಮೇಲೆ ಯಾವ ದಾರಿ ಹಿಡಿದ್ರೂ ಹೆಚ್ಚು ಹೊತ್ತು ಬೇಕು. ಮೊದಲ ದಿನಗಳಲ್ಲಿ ಬಟ್ಟೆ ಸುತ್ತಿದ ಐಸು, ಕಾಲು ದಿಂಬಿನ ಮೇಲೆ, ಊರುಗೋಲು. ಊತ ಇಳೀತಿದ್ದ ಹಾಗೆ ಮಂಡಿ ಪೂರ್ತಿ ನೀಟಾಗಿಸೋದು, ತೊಡೆ ಬಿಗಿಹಿಡಿಯೋದು. ಇಷ್ಟು ಆಪರೇಷನ್ ಮಾಡಿಸೋರಿಗೂ ಬೇಕು, ಮಾಡಿಸದೇ ಇರೋರಿಗೂ ಬೇಕು. ಊದಿದ, ನೀಟಾಗದ ಮಂಡಿಗೆ ಅವಸರದಲ್ಲಿ ಆಪರೇಷನ್ ಮಾಡಿದ್ರೆ ಆಮೇಲೆ ಬಿಗಿತ ಉಳಿಯೋ ಅಪಾಯ ಹೆಚ್ಚು. ಹಾಗಾಗಿ ಎಸಿಎಲ್ ಒಂದೇ ಹರಿದಿದ್ರೆ 'ನಾಳೆ ಬೆಳಿಗ್ಗೆಯೇ ಅಡ್ಮಿಟ್ ಆಗಿ' ಅನ್ನೋ ಮಾತಿಗೆ ಹೆದರಬೇಕಿಲ್ಲ. ಯೋಚನೆ ಮಾಡೋಕೆ ಸಮಯ ಇದೆ.

ಆಪರೇಷನ್ ಇಲ್ಲದೆ ನಡೆಯುತ್ತಾ? ಇದಕ್ಕೆ ಒಳ್ಳೆಯ ಪರೀಕ್ಷೆಗಳು ನಡೆದಿವೆ. ಸ್ವೀಡನ್ನಲ್ಲಿ 121 ಜನ ಯುವಕ ಯುವತಿಯರನ್ನ, ಎಲ್ಲರಿಗೂ ಹೊಸದಾಗಿ ಎಸಿಎಲ್ ಹರಿದಿತ್ತು, ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಬೇಗ ಆಪರೇಷನ್ ಜೊತೆಗೆ ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕು ಅನ್ನಿಸಿದ್ರೆ ಮಾತ್ರ ಆಮೇಲೆ ಆಪರೇಷನ್. 2010ರಲ್ಲಿ ಬಂದ ಫಲಿತಾಂಶದಲ್ಲಿ, ಎರಡು ವರ್ಷದ ಹೊತ್ತಿಗೆ ಎರಡೂ ಗುಂಪಿನ ಮಂಡಿ ಹೆಚ್ಚು ಕಮ್ಮಿ ಒಂದೇ ಥರ ಇದ್ವು. ಎರಡನೇ ಗುಂಪಿನ 59 ಜನರಲ್ಲಿ 23 ಜನ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ರು, ಉಳಿದ 36 ಜನ ಇಲ್ಲದೇ ನಡೆಸ್ತಿದ್ರು. ಐದು ವರ್ಷಕ್ಕೆ ಮಾಡಿಸಿಕೊಂಡವರು 30 ಆದ್ರು.

ಇದನ್ನ ಓದಿ 'ನೋಡಿ, ಆಪರೇಷನ್ನೇ ದಂಡ' ಅನ್ನೋರಿಗೆ ಇನ್ನೊಂದು ಹೇಳ್ತೀನಿ. ಇಂಗ್ಲೆಂಡ್ ಕಡೆ 316 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಇವರದ್ದು ಹೊಸ ಪೆಟ್ಟಲ್ಲ. ಹರಿದು ತಿಂಗಳುಗಳಾಗಿ, ಮಂಡಿ ಕೈಕೊಡ್ತಾ ಇದ್ದೋರು. ಇಲ್ಲಿ ಆಪರೇಷನ್ ಗುಂಪಿನ ಮಂಡಿ 18 ತಿಂಗಳಿಗೆ ಹೆಚ್ಚು ಚೆನ್ನಾಗಿತ್ತು. ನೂರಕ್ಕೆ ಅಂಕ ಕೊಟ್ಟಾಗ ಸರಾಸರಿ 73 ಅವರಿಗೆ, 64.6 ವ್ಯಾಯಾಮದ ಗುಂಪಿಗೆ. ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 41 ಜನ ಕೊನೆಗೆ ಆಪರೇಷನ್ನಿಗೇ ಹೋದ್ರು.

ಎರಡನ್ನೂ ಜೊತೆಗಿಟ್ಟು ಓದಿದ್ರೆ ನನಗೆ ಅರ್ಥವಾಗಿದ್ದು ಇಷ್ಟು. ಹೊಸದಾಗಿ ಹರಿದ ಮಂಡಿಗೆ ಮೂರು ತಿಂಗಳು ನಿಯತ್ತಾಗಿ ವ್ಯಾಯಾಮ ಕೊಟ್ಟು ನೋಡೋದ್ರಲ್ಲಿ ನಷ್ಟ ಕಮ್ಮಿ. ಆಮೇಲೂ ಕೈಕೊಡೋ ಮಂಡಿಯನ್ನ ವರ್ಷಗಟ್ಟಲೆ ಎಳೆದಾಡಬಾರದು. ಪ್ರತಿ ಸಲ ಮಂಡಿ ಜಾರಿದಾಗಲೂ ಒಳಗಿನ ಮೆತ್ತೆ ಅರೆಯೋ ಅಪಾಯ ಇದೆ. ಇನ್ನೊಂದು ಮಾತೂ ನೆನಪಿಡಬೇಕು. ಆ ಪರೀಕ್ಷೆಗಳಲ್ಲಿ ಇದ್ದವರು ಅಡಿಕೆ ಮರ ಹತ್ತೋರಲ್ಲ, ಜೂನ್ ತಿಂಗಳಲ್ಲಿ ದರೆ ಇಳಿಯೋರಲ್ಲ. ಅಂಕಿ ಅವರದ್ದು, ಕೆಲಸ ನಮ್ಮದು.

ಈಗ ನನ್ನ ಮಂಡಿ. ನನಗೆ 48. ನಾನು ಮರ ಹತ್ತೋನಲ್ಲ. ಔಷಧಿಯನ್ನ ಈಗ ದೋಟಿಯಲ್ಲಿ ನೆಲದಿಂದಲೇ ಹೊಡೆಸ್ತೀನಿ. ಗದ್ದೆಗೆ ಟಿಲ್ಲರ್ ಬಾಡಿಗೆಗೆ ಬರುತ್ತೆ, ಓಡಿಸೋರೂ ಅವರೇ. ನನ್ನ ಕಾಲಿಗೆ ಇರೋದು ನಡೆಯೋ ಕೆಲಸ, ಗೊಬ್ಬರ ಹಾಕೋದು, ನೀರು ತಿರುಗಿಸೋದು, ಕೊಟ್ಟಿಗೆ. ಮೆನಿಸ್ಕಸ್ ಹರಿದಿಲ್ಲ. ಆಗಸ್ಟಲ್ಲಿ ಪೆಟ್ಟಾಯ್ತು, ಸೆಪ್ಟೆಂಬರಿಂದ ದಿನಾ ಎರಡು ಹೊತ್ತು ವ್ಯಾಯಾಮ. ಮಳೆ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಮಂಡಿ ಕೈಕೊಟ್ಟ ದಿನಕ್ಕೂ ಒಂದು ಗುರುತು ಹಾಕ್ತಾ ಬಂದೆ. ಸೆಪ್ಟೆಂಬರಲ್ಲಿ ನಾಲ್ಕು ಗುರುತು, ಅಕ್ಟೋಬರಲ್ಲಿ ಒಂದು, ಆಮೇಲೆ ಫೆಬ್ರವರಿ ಮುಗೀತಾ ಬಂದ್ರೂ ಒಂದೂ ಇಲ್ಲ. ಡಾಕ್ಟರ ಹತ್ತಿರ ಹೋದಾಗ ಈ ಕ್ಯಾಲೆಂಡರ್ ಹಾಳೆಯನ್ನ ಫೋನಲ್ಲಿ ತೋರಿಸಿದೆ. 'ಹೀಗಿದ್ರೆ ಸದ್ಯ ಬೇಡ, ಮಳೆಗಾಲ ನೋಡೋಣ' ಅಂದ್ರು. ನಾನೇ ಹಾಕಿಕೊಂಡ ಷರತ್ತು ಒಂದಿದೆ. ಈ ಮಳೆಗಾಲದಲ್ಲಿ ಎರಡು ಸಲ ಮಂಡಿ ಜಾರಿದ್ರೆ, ಮೂರನೇದಕ್ಕೆ ಕಾಯದೆ ಆಪರೇಷನ್. ಹಾಗಾಗಿ ನಾನು ಆಪರೇಷನ್ನಿನ ವಿರೋಧಿ ಅಲ್ಲ. ನನ್ನ ಕೆಲಸಕ್ಕೆ ನನ್ನ ಮಂಡಿ ಈಗ ಸಾಕಾಗ್ತಾ ಇದೆ, ಅಷ್ಟೇ.

ವ್ಯಾಯಾಮ ಅಂದ್ರೆ ಜಿಮ್ಮು ಬೇಡ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತೋದು, ನೀಟಾದ ಕಾಲನ್ನ ಮೇಲೆತ್ತಿ ಹಿಡಿಯೋದು, ಜಗುಲಿ ಮೆಟ್ಟಿಲು ಒಂದೇ ಕಾಲಲ್ಲಿ ಹತ್ತಿ ಇಳಿಯೋದು, ಮಲಗಿ ಸೊಂಟ ಎತ್ತೋದು, ಕಂಬ ಹಿಡಿದು ಅರ್ಧ ಕೂರೋದು, ಕೊನೆಗೆ ಏನೂ ಹಿಡಿಯದೆ ಒಂಟಿ ಕಾಲಲ್ಲಿ ನಿಲ್ಲೋದು. ಯಾವುದು ಯಾವಾಗ, ಎಷ್ಟು ಅಂತ ಫಿಸಿಯೋಥೆರಪಿಯವರು ಹೇಳಬೇಕು. ನಾನು ಶುರುವಲ್ಲಿ ವಾರಕ್ಕೊಂದು ಸಲ ಹೋಗ್ತಿದ್ದೆ, ಆಮೇಲೆ ತಿಂಗಳಿಗೆ ಎರಡು ಸಲ. ಉಳಿದದ್ದು ಮನೆಯಲ್ಲಿ. 'ತೋಟದಲ್ಲಿ ದಿನಾ ನಡೀತೀವಲ್ಲ, ಅದೇ ವ್ಯಾಯಾಮ' ಅನ್ನೋ ಮಾತು ಇಲ್ಲಿ ನಡೆಯಲ್ಲ. ನೋವಿರೋ ಕಾಲನ್ನ ನಾವು ನಮಗೇ ಗೊತ್ತಿಲ್ಲದೆ ತಪ್ಪಿಸಿ ನಡೀತೀವಿ. ಆ ತೊಡೆ ಸೊರಗ್ತಾನೇ ಹೋಗುತ್ತೆ. ಟೇಪು ಹಿಡಿದು ಎರಡೂ ತೊಡೆ ಅಳೆದು ನೋಡಿ, ಗೊತ್ತಾಗುತ್ತೆ.

ಇನ್ನು ನಮ್ಮ ಕೊನೆಗೌಡ. ಅವನಿಗೆ ಎಸಿಎಲ್ ಜೊತೆ ಮೆನಿಸ್ಕಸ್ಸೂ ಹರಿದಿದೆ. ನವೆಂಬರಲ್ಲಿ ಪೆಟ್ಟಾಯ್ತು, ಮೂರು ತಿಂಗಳು ವ್ಯಾಯಾಮ ಮಾಡಿದಾನೆ, ನಾನೇ ನೋಡಿದೀನಿ. ಆದ್ರೂ ಅಂಗಳದಲ್ಲಿ ತಟ್ಟನೆ ತಿರುಗಿದ್ರೆ ಮಂಡಿ ಜಾರುತ್ತೆ. ನೆಲದ ಮೇಲೇ ನಂಬಿಕೆ ಇಲ್ಲದ ಮಂಡಿಯನ್ನ ನಲವತ್ತಡಿ ಮೇಲೆ ಹೇಗೆ ನಂಬೋದು? ಕಾಲಿಗೆ ಬಳ್ಳಿ ಹಾಕಿ ಮರ ಹತ್ತೋವಾಗ ಮಂಡಿ ಪೂರ್ತಿ ಮಡಚಿ ಹೊರಕ್ಕೆ ತಿರುಗಿರುತ್ತೆ, ಮೈಭಾರವೆಲ್ಲ ಅದರ ಮೇಲೆ. ಒಂದು ಮರದಿಂದ ಇನ್ನೊಂದಕ್ಕೆ ದಾಟೋದು ಬೇರೆ. 29ರ ವಯಸ್ಸು, ಇನ್ನೂ ಇಪ್ಪತ್ತು ವರ್ಷದ ದುಡಿಮೆ. ಡಾಕ್ಟರು ಆಪರೇಷನ್ ಅಂದ್ರು, ಸರಿಯಾಗೇ ಅಂದ್ರು ಅಂತ ನನಗೂ ಅನ್ನಿಸುತ್ತೆ.

ಅವನು ಕೇಳಿದ್ದು ಒಂದೇ ಮಾತು. "ಅಣ್ಣಾ, ಕೊಯ್ಯೋಕೆ ನಂಗೆ ಹೆದರಿಕೆ ಇಲ್ಲ. ಒಂಬತ್ತು ತಿಂಗಳು ಉಣ್ಣೋದೇನು?"

ಈ ಒಂಬತ್ತು ತಿಂಗಳು ಎಲ್ಲಿಂದ ಬಂತು ಅಂತ ತಿಳ್ಕೊಳ್ಳಬೇಕು. ಆಪರೇಷನ್ ಅಂದ್ರೆ ಹರಿದದ್ದನ್ನ ಹೊಲಿಯೋದಲ್ಲ. ಹೆಚ್ಚಾಗಿ ನಮ್ಮ ಮೈಯಿಂದಲೇ ಬೇರೆ ಸ್ನಾಯುವಿನ ನಾರು ತೆಗೆದು, ಮೂಳೆಯಲ್ಲಿ ತೂತು ಕೊರೆದು, ಹಳೆ ಎಸಿಎಲ್ ಜಾಗದಲ್ಲಿ ಬಿಗೀತಾರೆ. ಸಣ್ಣ ತೂತಿನಲ್ಲಿ ಕ್ಯಾಮೆರಾ ಇಟ್ಟು ಮಾಡೋದ್ರಿಂದ ಹೊರಗಿನ ಗಾಯ ಬೇಗ ಮಾಯುತ್ತೆ. ಒಳಗೆ ಕೂರಿಸಿದ ನಾರು ಹಾಗಲ್ಲ. ಅದಕ್ಕೆ ಮೊದಲು ರಕ್ತದ ಸಂಪರ್ಕವೇ ಇರಲ್ಲ. ನಿಧಾನಕ್ಕೆ ಮೈ ಅದನ್ನ ಒಪ್ಪಿಕೊಂಡು, ಹಳೇ ನಾರನ್ನ ಕರಗಿಸಿ ಹೊಸದಾಗಿ ಕಟ್ಟುತ್ತೆ. ಈ ನಡುವೆ, ಎರಡು ಮೂರು ತಿಂಗಳ ಹೊತ್ತಿಗೆ, ನಾರು ಹಾಕಿದ ದಿನಕ್ಕಿಂತಲೂ ಸಡಿಲ ಇರುತ್ತೆ. ಅದೇ ಹೊತ್ತಿಗೆ ನೋವು ಹೋಗಿರುತ್ತೆ, ಊತ ಇಳಿದಿರುತ್ತೆ, ನಡಿಗೆ ಸಲೀಸಾಗಿರುತ್ತೆ. ಕಸಿ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತೆ. ಚಿಗುರು ಬಂತು ಅಂತ ಕಸಿಯ ಗಂಟನ್ನ ಹಿಡಿದು ಎಳೀತೀವಾ?

ನಾರ್ವೆಯ ಒಂದು ಅಧ್ಯಯನ 2016ರಲ್ಲಿ ಬಂತು. ಆಪರೇಷನ್ ಆದ ಕ್ರೀಡಾಪಟುಗಳು ಆಟಕ್ಕೆ ಮರಳೋದನ್ನ ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ, ಮಂಡಿಗೆ ಮತ್ತೆ ಪೆಟ್ಟಾಗೋದು ಸುಮಾರು ಅರ್ಧಕ್ಕರ್ಧ ಕಮ್ಮಿಯಾಗಿತ್ತು. ಅವರು ಆಡೋದು ಸಮತಟ್ಟು ಮೈದಾನದಲ್ಲಿ. ನಮ್ಮ ತೋಟದಲ್ಲಿ ಸಮತಟ್ಟು ಎಲ್ಲಿದೆ ಹೇಳಿ.

ಹಾಗಾದ್ರೆ ಆಪರೇಷನ್ ಯಾವ ತಿಂಗಳಲ್ಲಿ? ಇದನ್ನ ನಾವೇ ಪಂಚಾಂಗ ಹಾಕಬೇಕು. ಜೂನಲ್ಲಿ ಮಾಡಿಸಿದ್ರೆ ಊರುಗೋಲು ಹಿಡಿದು ಪಾಚಿ ಕಟ್ಟಿದ ಅಂಗಳದಲ್ಲಿ ಓಡಾಡಬೇಕು, ಬಚ್ಚಲಿಗೆ ಹೋಗೋದೇ ಗಂಡಾಂತರ. ಕೊಯ್ಲು ಮುಗಿದ ಮೇಲೆ, ಮಾರ್ಚಲ್ಲಿ ಮಾಡಿಸಿದ್ರೆ ಊರುಗೋಲಿನ ವಾರಗಳು ಒಣನೆಲದಲ್ಲಿ ಕಳೀತವೆ, ಏಪ್ರಿಲ್ ಮೇ ನಡಿಗೆ ಅಭ್ಯಾಸಕ್ಕೆ ಸಿಗುತ್ತೆ. ಆದ್ರೆ ಮಳೆಗಾಲ ಬರೋ ಹೊತ್ತಿಗೆ ಮೂರೇ ತಿಂಗಳಾಗಿರುತ್ತೆ, ನಾರು ಸಡಿಲ ಇರೋ ಹೊತ್ತು ಅದೇ. ಒಂಬತ್ತು ತಿಂಗಳು ಅಂದ್ರೆ ಡಿಸೆಂಬರ್. ಬೋರ್ಡೋ ಹೊಡೆಯೋ ಎರಡೂ ಸುತ್ತು ಹೋಯ್ತು, ಮೊದಲ ಕೊಯ್ಲೂ ಹೋಯ್ತು. ಯಾವ ತಿಂಗಳು ಆರಿಸಿದ್ರೂ ಒಂದು ಮಳೆಗಾಲ ಬಿಟ್ಟುಕೊಡಲೇಬೇಕು ಅನ್ನೋದನ್ನ ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಿ. 'ಮೂರು ತಿಂಗಳಿಗೆ ಓಡಾಡ್ತೀರಿ' ಅಂತ ಡಾಕ್ಟರು ಹೇಳಿದ್ರೆ ಅದು ರಸ್ತೆ ಮೇಲಿನ ಓಡಾಟ. ಗದ್ದೆ ಕೆಸರು, ದರೆ, ಮರದ ವಿಷಯ ಬಿಡಿಸಿ ಕೇಳಿ.

ಇನ್ನೂ ಕೆಲವು ಕೇಳಲೇಬೇಕಾದ್ದಿದೆ. ನಾರು ಎಲ್ಲಿಂದ ತೆಗೀತೀರಿ? ಮಂಡಿಚಿಪ್ಪಿನ ಕೆಳಗಿಂದ ತೆಗೆದ್ರೆ ಆಮೇಲೆ ಮಂಡಿಯೂರಿ ಕೂರುವಾಗ ನೋವು ಉಳಿಯೋ ಸಾಧ್ಯತೆ ಹೆಚ್ಚು. ತೊಡೆ ಹಿಂದಿಂದ ತೆಗೆದ್ರೆ ಮಂಡಿ ಪೂರ್ತಿ ಮಡಚಿ ಎಳೆಯೋ ಬಲ ಸ್ವಲ್ಪ ಕಮ್ಮಿಯಾಗಬಹುದು. ನೆಲದಲ್ಲಿ ಕೂತು ಕಳೆ ಕೀಳೋರು, ಕುಕ್ಕರಗಾಲಲ್ಲಿ ಹಾಲು ಕರೆಯೋರು, ಮರ ಹತ್ತೋರು ತಮ್ಮ ಕೆಲಸ ಹೇಳಿದ್ರೆ ಡಾಕ್ಟರಿಗೂ ಆರಿಸೋಕೆ ಅನುಕೂಲ. ಕುಕ್ಕರಗಾಲಲ್ಲಿ ಯಾವಾಗ ಕೂರಬಹುದು? ತಿಂಗಳುಗಟ್ಟಲೆ ಬೇಡ ಅಂತಾರೆ, ಹಾಗಾಗಿ ಪಾಯಿಖಾನೆಗೆ ಎತ್ತರದ ಕಮೋಡ್ ಕುರ್ಚಿ ಆಪರೇಷನ್ನಿಗೆ ಮೊದಲೇ ತಂದಿಡಿ. ಎಡಗಾಲಾದ್ರೆ ಟ್ರ್ಯಾಕ್ಟರ್ ಕ್ಲಚ್ ಯಾವಾಗ ತುಳಿಯಬಹುದು, ಬಲಗಾಲಾದ್ರೆ ಬೈಕ್ ಕಿಕ್ ಯಾವಾಗ ಹೊಡೆಯಬಹುದು ಅಂತಲೂ ಕೇಳಿ. 'ಆಪರೇಷನ್ ಮಾಡಿಸಿದ್ರೆ ಮುಂದೆ ಮಂಡಿ ಸವೆಯೋದೇ ಇಲ್ಲ' ಅಂತ ಯಾರಾದ್ರೂ ಹೇಳಿದ್ರೆ ಪೂರ್ತಿ ನಂಬಬೇಡಿ. ಒಮ್ಮೆ ಹೀಗೆ ಪೆಟ್ಟಾದ ಮಂಡಿಗೆ ಆಪರೇಷನ್ ಆದ್ರೂ ಆಗದಿದ್ರೂ ಸವೆತದ ಅಪಾಯ ಹೆಚ್ಚೇ. ಆಪರೇಷನ್ ಕೊಡೋದು ಮುಖ್ಯವಾಗಿ ಮಂಡಿ ಜಾರದ ಭರವಸೆ.

ಮನೆ ಹೆಂಗಸರ ಮಂಡಿಗೂ ಇದೇ ಅಳತೆ ಇರಲಿ. ನೆಟ್ಟಿ, ಕಳೆ, ಕೊಟ್ಟಿಗೆ, ಅಡುಗೆ ಎಲ್ಲ ಅವರದ್ದೇ, ಆದ್ರೆ 'ಮನೇಲೇ ಇರ್ತಾಳಲ್ಲ, ಬೆಲ್ಟ್ ಹಾಕ್ಕೊಂಡ್ರೆ ಆಯ್ತು' ಅಂತ ಮುಗಿಸ್ತೀವಿ. ಅವರ ಮಂಡಿ ಎಷ್ಟು ಸಲ ಜಾರಿತು ಅಂತ ಯಾವ ಕ್ಯಾಲೆಂಡರಲ್ಲೂ ಗುರುತಿಲ್ಲ. ಅವರ ಕೆಲಸದ ಪಟ್ಟಿಯನ್ನೂ ಬರೆದು ಡಾಕ್ಟರ ಮುಂದಿಡಿ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಸಹಕಾರಿ ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಇದಕ್ಕೂ ಮಿತಿ 5 ಲಕ್ಷ. ಆದ್ರೆ ನೋಂದಣಿ ತೆರೆದಾಗಲೇ ಹೆಸರು ಬರೆಸಬೇಕು, ಕಾಲು ಮುರಿದ ಮೇಲೆ ಓಡಿದ್ರೆ ಬಾಗಿಲು ಮುಚ್ಚಿರುತ್ತೆ. ಯಾವುದೇ ಕಾರ್ಡ್ ಇರಲಿ, ಅಡ್ಮಿಟ್ ಆಗೋ ಮೊದಲು ಆಸ್ಪತ್ರೆಯ ಯೋಜನೆ ಕೌಂಟರಲ್ಲಿ ಮೂರು ಕೇಳಿ: ಈ ಆಪರೇಷನ್ ನಿಮ್ಮಲ್ಲಿ ಪ್ಯಾಕೇಜಿನೊಳಗಿದೆಯಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ, ಒಳಗೆ ಹಾಕೋ ಸ್ಕ್ರೂ ಖರ್ಚು ಸೇರಿದೆಯಾ. ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಹಿಡಿಯೋ ಸುರಕ್ಷಾ ಬಿಮಾ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಇಂಥ ಆಪರೇಷನ್ನಿಗೆ ಬರಲ್ಲ.

ಇಷ್ಟೆಲ್ಲ ಸೇರಿದ್ರೂ ಸಿಗೋದು ಆಸ್ಪತ್ರೆ ಖರ್ಚು. ಒಂಬತ್ತು ತಿಂಗಳ ಕೂಲಿಯನ್ನ ಯಾವ ಕಾರ್ಡೂ ಕೊಡಲ್ಲ. ಇಲ್ಲಿಗೆ ಬಂದಾಗ ಇದು ಡಾಕ್ಟರ ಪ್ರಶ್ನೆಯಾಗಿ ಉಳಿಯಲ್ಲ, ತೋಟದವರಾದ ನಮ್ಮ ಪ್ರಶ್ನೆಯಾಗುತ್ತೆ.

ನಮ್ಮ ಪದ್ಧತಿ ಏನು? 'ಪಾಪ, ಮುಂಗಡ ಕೊಡೋಣ, ಆಮೇಲೆ ಕೆಲಸದಲ್ಲಿ ಮುರ್ಕೊಳ್ಳೋಣ' ಅಂತೀವಿ. ಒಳ್ಳೇ ಮನಸ್ಸಲ್ಲೇ ಕೊಡ್ತೀವಿ. ಆದ್ರೆ ಈ ಕಾಯಿಲೆಯಲ್ಲಿ ಮುಂಗಡ ಅಂದ್ರೆ ಏನಾಗುತ್ತೆ ಯೋಚಿಸಿ. ಸಾಲದ ಲೆಕ್ಕ ತಿಂಗಳಿಂದ ತಿಂಗಳಿಗೆ ಬೆಳೆಯುತ್ತೆ. ಐದನೇ ತಿಂಗಳಿಗೆ ನೋವಿಲ್ಲ, ಆರನೇ ತಿಂಗಳಿಗೆ ಅವನು ಮರ ಹತ್ತೇ ಹತ್ತುತ್ತಾನೆ, ನಾವೂ ಬೇಡ ಅನ್ನಲ್ಲ. ಹಾಕಿದ ನಾರು ಹರಿದ್ರೆ ಮತ್ತೆ ಮೊದಲಿಂದ, ಅದೂ ಮರದ ಮೇಲಿದ್ದಾಗ ಹರಿದ್ರೆ ಮಾತೇ ಬೇಡ. ಆಪರೇಷನ್ ಮಾಡಿಸಿ ಮುಂಗಡ ಕೊಡೋದು ಅಂದ್ರೆ ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಬಿಚ್ಚಿದ ಹಾಗೆ.

ಅವನು ಕೊನೆ ತೆಗೆಯೋದು ಮುಖ್ಯವಾಗಿ ಐದು ತೋಟದಲ್ಲಿ. ಐದೂ ಮನೆಯವರನ್ನ ಸೇರಿಸಿ ನಾನು ಇಟ್ಟ ಪ್ರಸ್ತಾಪ ಇದು. ಮೊದಲ ಮೂರು ತಿಂಗಳು ಐದೂ ಮನೆ ಸೇರಿ ತಿಂಗಳಿಗೆ ಇಷ್ಟು ಅಂತ ಕೊಡೋದು, ಅದು ಸಾಲವಲ್ಲ, ವಾಪಸ್ ಕೇಳಂಗಿಲ್ಲ. ನಾಲ್ಕನೇ ತಿಂಗಳಿಂದ ಡಾಕ್ಟರು ಒಪ್ಪಿದ್ರೆ ಕುರ್ಚಿ ಮೇಲೆ ಕೂತು ಮಾಡೋ ಕೆಲಸ: ಅಡಿಕೆ ಆರಿಸೋದು, ಕಾಳುಮೆಣಸು ಹಸನು ಮಾಡೋದು, ನರ್ಸರಿ ಚೀಲ ತುಂಬೋದು. ಕೂಲಿ ಬೇರೆಯವರಿಗೆ ಕೊಟ್ಟಷ್ಟೇ. ಈ ವರ್ಷದ ಔಷಧಿ ಮತ್ತು ಮೊದಲ ಕೊಯ್ಲು ದೋಟಿಯವರಿಂದ. ಒಂಬತ್ತು ತಿಂಗಳಾದ ಮೇಲೆ ಫಿಸಿಯೋಥೆರಪಿಯವರು ಎರಡೂ ಕಾಲಿನ ಬಲ ಅಳೆದು, ಡಾಕ್ಟರು ಸೈ ಅಂದ ಮೇಲೆಯೇ ಮರ. ಅಲ್ಲಿವರೆಗೆ ಐದು ತೋಟದಲ್ಲಿ ಯಾರೂ ಅವನಿಗೆ 'ಒಂದೇ ಒಂದು ಮರ, ಹತ್ತಿ ಬಿಡು' ಅನ್ನಂಗಿಲ್ಲ.

ಮೂರು ಮನೆಯವರು ಒಪ್ಪಿದಾರೆ. ಒಬ್ಬರು ಯೋಚನೆ ಮಾಡಿ ಹೇಳ್ತೀನಿ ಅಂದಿದಾರೆ. ಒಬ್ಬರು, 'ಹೀಗೆ ಶುರು ಮಾಡಿದ್ರೆ ನಾಳೆ ಎಲ್ಲರೂ ಕೇಳ್ತಾರೆ' ಅಂದ್ರು. ಕೇಳಲಿ ಅಂತಲೇ ನನ್ನ ಉತ್ತರ. ಕೊನೆ ತೆಗೆಯೋರು ಸಿಗಲ್ಲ ಅಂತ ಪ್ರತಿ ವರ್ಷ ಗೋಳಾಡೋರು ನಾವೇ. ಮಂಡಿ ಹೋದ್ರೆ ಬಿಟ್ಟುಬಿಡ್ತಾರೆ ಅಂತ ಗೊತ್ತಿರೋ ಕೆಲಸಕ್ಕೆ ಯಾವ ಹುಡುಗ ತಾನೇ ಬರ್ತಾನೆ? ನನ್ನ ಮಂಡಿಗೆ ಕಾಯೋಕೆ ಪುರುಸೊತ್ತು ಸಿಕ್ಕಿದ್ದು ತೋಟ ನನ್ನದಾಗಿರೋದ್ರಿಂದ. ಅಷ್ಟು ಪುರುಸೊತ್ತು ಅವನಿಗೂ ಸಿಗಬೇಕು.

ಮಾರ್ಚ್ ಎರಡನೇ ವಾರಕ್ಕೆ ಶಿವಮೊಗ್ಗದಲ್ಲಿ ದಿನ ಸಿಕ್ಕಿದೆ. ನಿಮ್ಮ ಕಡೆ ಯಾರಿಗಾದ್ರೂ ಹೀಗೆ ಆಪರೇಷನ್ ಆಗಿ ಮತ್ತೆ ಮರ ಹತ್ತಿದೋರು ಇದ್ರೆ, ಎಷ್ಟು ತಿಂಗಳಿಗೆ ಹತ್ತಿದ್ರು, ಈಗ ಮಂಡಿ ಹೇಗಿದೆ ಅಂತ ತಿಳಿಸಿ. ಅವನಿಗೆ ಓದಿ ಹೇಳ್ತೀನಿ. ಎತ್ತರದ ಕಮೋಡ್ ಕುರ್ಚಿ ಒಂದು ಬೇಕಾಗಿದೆ, ಯಾರ ಮನೆಯಲ್ಲಾದ್ರೂ ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.